ನೆಟ್‌ವರ್ಕ್ ಸ್ವಿಚ್ ಕೂರಿಸಿ ಹೋದ ಪುಣ್ಯಾತ್ಮರೇ, ಐಪಿ ಎಲ್ಲಿದೆ ಕಣ್ರಪ್ಪಾ?

ರ್‍ಯಾಕಿಗೆ ನಾಲ್ಕು ಸ್ಕ್ರೂ ಬಿಗಿದು, ಕೇಬಲ್ ಸಿಕ್ಕಿಸಿ, ಹಸಿರು ಲೈಟ್ ಮಿಣುಕಿದ ಕೂಡ್ಲೇ ಬಿಲ್ಲಿಗೆ ಸೈನ್ ಹಾಕಿಸ್ಕೊಂಡು ತುಮಕೂರು ಬಸ್‌ಸ್ಟ್ಯಾಂಡಿಗೆ ಓಡ್ತೀರಲ್ಲ, ಸ್ವಿಚ್ಚಿನ ಐಪಿ, ಅಂದ್ರೆ ಸೆಟ್ಟಿಂಗ್ ತೆಗೆಯೋಕೆ ಬೇಕಾದ ಅದರ ನೆಟ್‌ವರ್ಕ್ ಅಡ್ರೆಸ್ಸು, ಎಲ್ಲಿ ಬರೆದಿದ್ದೀರಿ? ಎಲ್ಲೂ ಇಲ್ಲ. ಪಾಸ್‌ವರ್ಡ್ ಮಾತು ಆಮೇಲೆ ಬಿಡಿ. ಸ್ವಿಚ್ಚನ್ನ ಗುರುತು ಹಿಡಿಯೋಕೆ ಕಂಪನಿ ಕೊಟ್ಟಿರೋ ಮ್ಯಾಕ್ ನಂಬರಿನ ಸ್ಟಿಕರ್ ಸ್ವಿಚ್ಚಿನ ಹೊಟ್ಟೆ ಕೆಳಗೆ. ಬೋಲ್ಟ್ ಹಾಕೋಕೆ ಮುಂಚೆ ಒಂದು ಫೋಟೋ ಹೊಡೆಯೋಕೆ ಏನು ರೋಗ? ರಟ್ಟಿನ ಡಬ್ಬದ ಮೇಲೂ ಅದೇ ನಂಬರ್ ಇರತ್ತೆ, ಅದನ್ನೂ ಗುಜರಿಗೆ ಹಾಕಿರ್ತೀರಿ.

ಆಮೇಲೆ ವಸಂತನರಸಾಪುರದ ಶೆಡ್ಡಲ್ಲಿ ಬೆವರು ಸುರಿಸ್ಕೊಂಡು ಹುಡುಕೋರು ಬೇರೆಯವರು. ಮೊದಲು ರೂಟರಿನ ಡಿಎಚ್‌ಸಿಪಿ ಲೀಸ್ ಪಟ್ಟಿ, ಅಂದ್ರೆ ರೂಟರು ತಾನಾಗೇ ಯಾರಿಗೆ ಯಾವ ಐಪಿ ಹಂಚಿದೆ ಅನ್ನೋ ಲೆಕ್ಕ. ಅಲ್ಲಿಲ್ಲ ಅಂದ್ರೆ ಲ್ಯಾಪ್‌ಟಾಪಿಗೆ ವೈರ್ ಸಿಕ್ಕಿಸಿ, ನೆಟ್‌ವರ್ಕ್ ಜಾಲಾಡೋ ಎನ್‌ಮ್ಯಾಪ್ ಸಾಫ್ಟ್‌ವೇರಲ್ಲಿ ‘ಎನ್‌ಮ್ಯಾಪ್ -ಎಸ್‌ಎನ್ 192.168.1.0/24’, ಅದೂ ಅಡ್ಮಿನ್ ಆಗಿ ಓಡಿಸಿದ್ರೆ ಮ್ಯಾಕ್ ನಂಬರೂ ಕಂಪನಿ ಹೆಸರೂ ಬರತ್ತೆ. ಎನ್‌ಮ್ಯಾಪ್ ಇಲ್ದಿದ್ರೆ 192.168.1.1ರಿಂದ 192.168.1.254ರವರೆಗೆ ಪಿಂಗ್ ಮಾಡಿ (ಇದ್ದೀಯಾ ಅಂತ ಕೂಗಿ), ಆಮೇಲೆ ಐಪಿ-ಮ್ಯಾಕ್ ಜೋಡಿ ತೋರ್ಸೋ ‘ಆರ್ಪ್ -ಎ’. ಪಿಂಗ್ ಮಾಡದೆ ಬರೀ ಆರ್ಪ್ ಹೊಡೆದು “ಏನೂ ಕಾಣ್ತಿಲ್ಲ ಸಾರ್” ಅನ್ಬೇಡಿ. ಲ್ಯಾಪ್‌ಟಾಪ್ ಇತ್ತೀಚೆಗೆ ಮಾತಾಡ್ಸಿದೋರು ಮಾತ್ರ ಆ ಪಟ್ಟಿಲಿರ್ತಾರೆ. ಸ್ಟಿಕರಿನ ನಂಬರಿಗೂ ಇಲ್ಲಿ ಬರೋದಕ್ಕೂ ಕೊನೆ ಅಂಕಿ ಆಚೀಚೆ ಆಗಿರಬಹುದು, ಗಾಬರಿ ಬೇಡ.

ಇಷ್ಟೆಲ್ಲ ಮಾಡಿದ್ರೂ ಕೆಲವು ಸಲ ಸಿಗಲ್ಲ. ಯಾಕೆ? ಫ್ಯಾಕ್ಟರಿ ಅಡ್ರೆಸ್ಸನ್ನ ಹಾಗೇ ಬಿಟ್ಟು ಹೋಗಿರ್ತೀರಲ್ಲ! ಡಿ-ಲಿಂಕ್ ಸ್ಮಾರ್ಟ್ ಸ್ವಿಚ್ 10.90.90.90ರಲ್ಲಿ ಕೂತಿರತ್ತೆ. 192.168.1ರ ಬೀದೀಲಿ ವರ್ಷಪೂರ್ತಿ ಹುಡುಕಿದ್ರೂ ಅದರ ಮನೆ ಸಿಗಲ್ಲ. ಲ್ಯಾಪ್‌ಟಾಪಿಗೆ 10.90.90.91, ಮಾಸ್ಕ್ (ನೆಟ್‌ವರ್ಕ್ ಎಷ್ಟು ದೊಡ್ಡದು ಅನ್ನೋ ನಂಬರ್) 255.0.0.0 ಕೊಟ್ಟು ನೇರ ಸಿಕ್ಕಿಸಬೇಕು. ನೆಟ್‌ಗೇರ್ ಸ್ಮಾರ್ಟ್ ಸ್ವಿಚ್ಚಿಗೆ ಡಿಎಚ್‌ಸಿಪಿ ಸಿಗದಿದ್ರೆ 192.168.0.239. ಸಿಸ್ಕೊ ಸಣ್ಣ ಆಫೀಸಿನ ಮಾಡೆಲ್ಲು 192.168.1.254, ಸಿಸ್ಟಮ್ ಲೈಟ್ ಮಿಣುಕ್ತಾನೇ ಇದ್ರೆ ಇನ್ನೂ ಅದೇ ಅಡ್ರೆಸ್ಸಲ್ಲಿದೆ ಅಂತ. ಅದೇ ಸಿಸ್ಕೊ ಕ್ಯಾಟಲಿಸ್ಟ್ ಆದ್ರೆ ನಾವು ಕೊಡೋವರೆಗೂ ಐಪಿ ಇಲ್ಲದೇ ಇರಬಹುದು. ಆಗ ಸ್ವಿಚ್ಚಿಗೆ ನೇರ ಕಮಾಂಡ್ ಕೊಡೋಕೆ ಕನ್ಸೋಲ್ ಕೇಬಲ್, ಪುಟ್ಟಿ (PuTTY) ಅನ್ನೋ ಸಾಫ್ಟ್‌ವೇರ್, 9600 ಸ್ಪೀಡ್, ‘ಶೋ ಐಪಿ ಇಂಟರ್‌ಫೇಸ್ ಬ್ರೀಫ್’. ಆ ಕೇಬಲ್ಲನ್ನೂ ಬ್ಯಾಗಿಗೆ ಹಾಕ್ಕೊಂಡು ಹೋಗಿರ್ತೀರಿ ಬಿಡಿ.

ಎಲ್ಲಕ್ಕಿಂತ ಉರಿಯೋದು 192.168.0.1. ಟಿಪಿ-ಲಿಂಕಿನ ಎಷ್ಟೋ ಸ್ಮಾರ್ಟ್ ಸ್ವಿಚ್ಚಿನ ಅಡ್ರೆಸ್ ಅದೇ, ಎಷ್ಟೋ ರೂಟರಿನ ಅಡ್ರೆಸ್ಸೂ ಅದೇ. ಎರಡೂ ಒಂದೇ ನೆಟ್‌ವರ್ಕಲ್ಲಿ ಬಿದ್ರೆ ಕಂಪ್ಯೂಟರುಗಳು ಒಮ್ಮೆ ರೂಟರಿಗೆ, ಒಮ್ಮೆ ಸ್ವಿಚ್ಚಿಗೆ ಪ್ಯಾಕೆಟ್ ಕಳಿಸ್ತವೆ. ನೆಟ್ ಬಂತು, ಹೋಯ್ತು, ಬಂತು. ಬೈಸ್ಕೊಳ್ಳೋದು ಪಾಪ ಫೈಬರ್ ಎಳೆದ ಹುಡುಗ.

ಕೊನೆಗೆ ಫೋನ್ ಮಾಡಿದ್ರೆ ನಿಮ್ಮ ಉತ್ತರ “ರೀಸೆಟ್ ಹೊಡೀರಿ ಸಾರ್”. ಕ್ಯಾಮೆರಾಕ್ಕೆ, ಅಕೌಂಟ್ಸಿಗೆ ಅಂತ ಒಂದೇ ಸ್ವಿಚ್ಚಲ್ಲಿ ಬೇರೆಬೇರೆ ಮಾಡಿಟ್ಟ ನೆಟ್‌ವರ್ಕು, ಅದೇ ವಿಎಲ್ಯಾನ್, ಎಲ್ಲ ತೊಳೆದು ಹೋಗತ್ತಲ್ಲ, ಅದನ್ನ ನಿಮ್ಮ ತಾತ ಬಂದು ಮಾಡ್ತಾರಾ? ಕೆಲವು ಸಲವಂತೂ ಅಲ್ಲಿರೋದು ಸೆಟ್ಟಿಂಗೇ ಇಲ್ಲದ ಅನ್‌ಮ್ಯಾನೇಜ್ಡ್ ಸ್ವಿಚ್ಚು. ಅದಕ್ಕೆ ಐಪಿನೇ ಇರಲ್ಲ! ಅದನ್ನಾದ್ರೂ ಹೇಳಿ ಹೋಗ್ಬಾರ್ದಾ?

ಲೇಬಲ್ ಮೆಷಿನ್ ಬೇಡ. ಬಿಳಿ ಟೇಪ್ ಹಚ್ಚಿ ಮುಂದ್ಗಡೆ ಐಪಿ, ಮಾಸ್ಕ್, ವಿಎಲ್ಯಾನ್ ನಂಬರ್ ಬರೀರಿ. ಪೆನ್ ಇರಲಿಲ್ವಾ? ಬಿಲ್ಲಿಗೆ ಸೈನ್ ಹಾಕಿಸ್ಕೊಂಡ್ರಲ್ಲ, ಅದೇ ಪೆನ್ನು ಸಾಕಿತ್ತು.