ಅಜ್ಜಿಯ ಕೃತಿಚೌರ್ಯ

ಆಧಾರ್ ಕಾರ್ಡಿನ ಜೆರಾಕ್ಸಿಗೆಂದು ವಿಶ್ವವಿದ್ಯಾಲಯದ ಗೇಟಿನೆದುರಿನ ಡಿಟಿಪಿ ಅಂಗಡಿಗೆ ಹೋದವನು ಒಂದೂವರೆ ಗಂಟೆ ಅಲ್ಲೇ ಕೂತುಬಿಟ್ಟೆ. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ, ಇಂಥದ್ದೊಂದು ಅಂಗಡಿ ಯಾವ ಗೇಟಿನೆದುರಿಗಿಲ್ಲ? ಗೋಡೆಗೊರಗಿ ಕಪ್ಪು ರೆಕ್ಸಿನ್ ಹೊದ್ದ ಮಹಾಪ್ರಬಂಧಗಳು ಸಾಲಾಗಿ ನಿಂತಿದ್ದವು. ಚಿನ್ನದ ಅಕ್ಷರದಲ್ಲಿ ‘ಒಂದು ಸಮಗ್ರ ಅಧ್ಯಯನ’, ‘ಒಂದು ಸಾಂಸ್ಕೃತಿಕ ಅಧ್ಯಯನ’, ‘ಒಂದು ಅವಲೋಕನ’. ಅಂಟು ಇನ್ನೂ ಹಸಿಯಾಗಿತ್ತು.

ಅಳುಮೋರೆ ಹಾಕಿಕೊಂಡು ಒಬ್ಬ ಹುಡುಗಿ ಬಂದಳು. ಪಿಎಚ್‌ಡಿ. ವಿಷಯ: ತನ್ನ ತಾಲೂಕಿನ ಗಾದೆಗಳು. ನಾಲ್ಕು ವರ್ಷ ಊರೂರು ಸುತ್ತಿ, ಜಗಲಿ ಜಗಲಿಯ ಮೇಲೆ ಕೂತು, ಅಜ್ಜಿಯರ ಬಾಯಿಂದ ಬಿಡಿಸಿಕೊಂಡು ಬಂದ ಗಾದೆಗಳು. ಕೃತಿಚೌರ್ಯ ಹಿಡಿಯುವ ಯಂತ್ರಕ್ಕೆ, ಅಂದರೆ ಸಾಫ್ಟ್‌ವೇರಿಗೆ, ಹಾಕಿದರೆ ಹಳೆಯ ಬರಹಗಳೊಂದಿಗೆ ಸಾಮ್ಯತೆ 46 ಪರ್ಸೆಂಟ್.

‘ಗೈಡು ಏನಂದ್ರು?’ ಅಂಗಡಿಯವನು ಕೇಳಿದ.

‘ಹತ್ತರೊಳಗೆ ತಗೊಂಡು ಬಾ ಅಂದ್ರು ಅಣ್ಣ.’

‘ಓದಿದ್ರಾ?’

ಹುಡುಗಿ ನೆಲ ನೋಡಿದಳು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ನಿಯಮ ಅಂಗಡಿಯವನಿಗೆ ಬಾಯಿಪಾಠ. ಸಾಮ್ಯತೆ 10 ಪರ್ಸೆಂಟಿನವರೆಗೆ ಮಾಫಿ. 40ರವರೆಗೆ ಬಂದರೆ ಆರು ತಿಂಗಳೊಳಗೆ ತಿದ್ದಿ ತರಬೇಕು. (40 ಪರ್ಸೆಂಟಿಗೆ ನಮ್ಮ ರಾಜ್ಯದಲ್ಲಿ ಬೇರೆ ಅರ್ಥವಿದೆ, ಇರಲಿ.) 40ರಿಂದ 60 ಆದರೆ ಒಂದು ವರ್ಷ ಬಾಗಿಲು ಬಂದ್. 60 ದಾಟಿದರೆ ನೋಂದಣಿಯೇ ರದ್ದು. ಮುನ್ನುಡಿ, ಕೃತಜ್ಞತೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿಯೇ ಎಲ್ಲ ಪ್ರಬಂಧಗಳಲ್ಲೂ ಗುರುಗಳು ‘ಪುತ್ರವಾತ್ಸಲ್ಯದಿಂದ’ ಮಾರ್ಗದರ್ಶನ ಮಾಡಿರುತ್ತಾರೆ, ಹುಡುಗಿಯರಿಗೂ. ಇನ್ನೊಂದು ರಿಯಾಯಿತಿಯಿದೆ: ಸತತ 14 ಪದಗಳವರೆಗೆ ಹೋಲಿಕೆ ಬಂದರೆ ಅದು ಕಾಕತಾಳೀಯ. ಹದಿನೈದನೆಯ ಪದಕ್ಕೆ ಕಳ್ಳತನ.

ಹುಡುಗಿ ಸಿಕ್ಕಿಬಿದ್ದದ್ದು ಇಲ್ಲೇ. ಪಾಪ, ಗಾದೆಗಳನ್ನು ಅಕಾರಾದಿಯಾಗಿ ಜೋಡಿಸಿದ್ದಳು. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’, ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’, ‘ಅತ್ತೆಗೊಂದು ಕಾಲ ಸೊಸೆಗೊಂದು ಕಾಲ’. ಎಣಿಸಿ ನೋಡಿ, ಸರಿಯಾಗಿ 14. ನಾಲ್ಕನೆಯ ಗಾದೆಗೆ ಬಾಯಿ ತೆರೆದಳೋ, ಅಪರಾಧಿ. ಹಿಂದಿನ ಪ್ರಬಂಧಗಳಲ್ಲೂ ಇವೇ ಗಾದೆ, ಇದೇ ಅಕಾರಾದಿ. ಅನುಬಂಧದಲ್ಲಿ ‘ವಕ್ತೃ: ವಯಸ್ಸು 82, ಅನಕ್ಷರಸ್ಥೆ’ ಅಂತ ಬರೆಸಿಕೊಂಡ ಅಜ್ಜಿ, ಹೀಗೆ ಎಂಬತ್ತೆರಡರಲ್ಲಿ ಕೃತಿಚೌರ್ಯ ಮಾಡಿ ಸಿಕ್ಕಿಬಿದ್ದಿದ್ದಳು.

‘ಪದ ಬದಲಾಯಿಸಿ ನೋಡಿದ್ರಾ ಅಕ್ಕ?’

ನೋಡಿದ್ದಳು. ಹಾಳೆ ತೆಗೆದು ತೋರಿಸಿದಳು. ‘ಪತಿಯ ತಾಯಿಗೆ ಒಂದು ಅವಧಿ, ಪುತ್ರನ ಪತ್ನಿಗೆ ಮತ್ತೊಂದು ಅವಧಿ.’ ಕೆಳಗೆ: ‘ಶಯನೋಪಕರಣದ ಉದ್ದಕ್ಕೆ ಅನುಗುಣವಾಗಿ ಪಾದಗಳನ್ನು ವಿಸ್ತರಿಸು.’ ಯಂತ್ರಕ್ಕೆ ಇದು ಸ್ವಂತ ಸಂಶೋಧನೆ ಅನ್ನಿಸಿತಂತೆ, ಆ ಪುಟ ಪೂರ್ತಿ ಹಸಿರು. ‘ಆದ್ರೆ ಅಣ್ಣ, ವೈವಾದಲ್ಲಿ ಇದನ್ನ ಗಟ್ಟಿಯಾಗಿ ಓದು ಅಂದ್ರೆ?’ ಅಂದಳು.

‘ವೈವಾದಲ್ಲಿ ಊಟದ ಬಗ್ಗೆ ಕೇಳ್ತಾರೆ, ಗಾದೆ ಬಗ್ಗೆ ಅಲ್ಲ,’ ಎಂದು ಅಂಗಡಿಯವನು ಪೆನ್‌ಡ್ರೈವ್ ಇಸಿದುಕೊಂಡ.

ಅವನು ಮಾಡಿದ್ದಿಷ್ಟೆ. ಯಂತ್ರ ಕನ್ನಡವೆಂದೇ ಓದಬಲ್ಲ ಯೂನಿಕೋಡಿನಲ್ಲಿದ್ದ ಇಡೀ ಪ್ರಬಂಧವನ್ನು ಹಳೇ ನುಡಿ ಫಾಂಟಿಗೆ ತಿರುಗಿಸಿದ. ನಮ್ಮ ಕಣ್ಣಿಗೆ ಅದೇ ಕನ್ನಡ, ಒಂದು ಕೊಂಬೂ ಆಚೀಚೆ ಆಗಿಲ್ಲ. ಆದರೆ ಹಳೇ ನುಡಿ ಒಳಗೊಳಗೇ ರೋಮನ್ ಲಿಪಿಯ ಗುರುತುಗಳಲ್ಲಿ ಕೂತಿರುತ್ತದೆ. ‘ನಾನು’ ಎಂದು ಬರೆದರೆ ಯಂತ್ರಕ್ಕೆ ಎರಡು ಪೌಂಡು ಕಾಣುತ್ತದೆ. ‘ಪಾಪ’ ಎಂದರೆ ಎರಡು ಯೆನ್. ಅಜ್ಜಿಯ ಅಷ್ಟೂ ಗಾದೆಗಳು ಐದು ನಿಮಿಷದಲ್ಲಿ ವಿದೇಶಿ ವಿನಿಮಯವಾದವು. ನಾಳೆ ಇದೇ ಕಡತ ಗುಜರಾತಿನ ಗಾಂಧಿನಗರದ ಶೋಧಗಂಗಾ ಎಂಬ ಮಹಾಪ್ರಬಂಧಗಳ ಆನ್‌ಲೈನ್ ಭಂಡಾರಕ್ಕೆ ಹೋಗಿ ಕೂರುತ್ತದೆ. ಯಾರಾದರೂ ‘ಅಡಿಕೆ’ ಎಂದು ಹುಡುಕಿದರೆ ಸಿಗಲಿಕ್ಕಿಲ್ಲ, ಆನೆ ಎಂದು ಹುಡುಕಿದರೂ.

ಮತ್ತೆ ಯಂತ್ರಕ್ಕೆ ಹಾಕಿದ. ಲಾಗಿನ್ ಅವನ ಕೈಗೆ ಹೇಗೆ ಬಂತೆಂದು ನಾನು ಕೇಳಲಿಲ್ಲ. ಸಾಮ್ಯತೆ: ಸೊನ್ನೆ.

ಹುಡುಗಿಯ ಮುಖದಲ್ಲಿ ನಾಲ್ಕು ವರ್ಷದ ನಂತರ ನಗು ಬಂದಿರಬೇಕು. ಅಲ್ಲೇ ನಿಂತು ಗೈಡಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳೋ, ಅವರ ಗಂಟಲೇ ಹಾಗೋ, ನಮಗೆಲ್ಲ ಕೇಳಿಸಿತು.

‘ಸೊನ್ನೆನಾ? ಸೊನ್ನೆ ಚೆನ್ನಾಗಿ ಕಾಣಲ್ಲಮ್ಮ, ಲೈಬ್ರರಿಯೋರು ಅನುಮಾನ ಪಡ್ತಾರೆ. ಒಂದ್ ಕೆಲಸ ಮಾಡು, ನನ್ ಪುಸ್ತಕದಿಂದ ನಾಲ್ಕು ಪುಟ ಎತ್ತಿ ಎರಡನೇ ಅಧ್ಯಾಯಕ್ಕೆ ಸೇರಿಸಿಬಿಡು.’

ಅಂಗಡಿಯವನು ಆಗಲೇ ಒಂದು ಫೋಲ್ಡರ್ ತೆರೆದಿದ್ದ. ‘ಸರ್ ಪುಸ್ತಕ ಯೂನಿಕೋಡಲ್ಲೇ ಇದೆ ಅಕ್ಕ, ಹೋದ ವಾರ ಇಬ್ಬರಿಗೆ ಹಾಕಿದ್ದೆ. ನಿಮಗೆ ಎಷ್ಟು ಬರಲಿ, ಏಳು ಸಾಕಾ?’