ಬೆಕ್ಕಿಗೆ ಸೊಕ್ಕು ಬಂದಿಲ್ಲ, ಹುಷಾರಿಲ್ಲ

"ಬೆಕ್ಕು ಮನೇಲಿ ಸಾಯಲ್ಲ, ಸಾಯೋ ಹೊತ್ತಿಗೆ ತಾನೇ ಎದ್ದು ಹೋಗುತ್ತೆ." ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಕಮ್ಮಿ. ಅಜ್ಜಿ ಹೇಳುತ್ತಿದ್ದರು, ಪಕ್ಕದ ಮನೆಯವರು ಹೇಳುತ್ತಿದ್ದರು, ಈಗ ನನ್ನ ವಯಸ್ಸಿನವರೂ ಹೇಳುತ್ತಾರೆ. ಹೇಳುವಾಗ ದನಿಯಲ್ಲಿ ಸ್ವಲ್ಪ ಗೌರವವೂ ಇರುತ್ತದೆ, ಬೆಕ್ಕು ಏನೋ ಸನ್ಯಾಸ ತಗೊಂಡು ಹೊರಟಿತು ಅನ್ನುವ ಹಾಗೆ. ನನಗಂತೂ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ.

ಅದು ಸಾಯಲು ಹೋಗಿರುವುದಿಲ್ಲ. ಅವಿತುಕೊಳ್ಳಲು ಹೋಗಿರುತ್ತದೆ. ಬೆಕ್ಕು ಇಲಿ ಹಿಡಿಯುವ ಪ್ರಾಣಿ ಹೌದು, ಆದರೆ ತಾನೂ ನಾಯಿಗೆ ಸಿಕ್ಕಿಬೀಳುವಷ್ಟೇ ಗಾತ್ರದ್ದು. ಮೈಯಲ್ಲಿ ಶಕ್ತಿ ಇಲ್ಲ ಅಂತ ಇನ್ನೊಬ್ಬರಿಗೆ ಗೊತ್ತಾದರೆ ಅದಕ್ಕೆ ಅಪಾಯ. ಹಾಗಾಗಿ ಹುಷಾರು ತಪ್ಪಿದಾಗ ಕೂಗಾಡುವುದಿಲ್ಲ, ಸುಮ್ಮನಾಗುತ್ತದೆ. ಕತ್ತಲಿರುವ, ಹಿಂದಿನಿಂದ ಯಾರೂ ಬರಲಾರದ ಜಾಗ ಹುಡುಕುತ್ತದೆ. ಸೌದೆ ರಾಶಿಯ ಹಿಂದೆ, ಅಟ್ಟದ ಮೂಲೆ, ನಿಂತ ಕಾರಿನ ಅಡಿ, ಯಾರೂ ತೆಗೆಯದ ಬೀರುವಿನ ಸಂದಿ. ಅಲ್ಲಿ ನೀರಿಲ್ಲ, ಊಟವಿಲ್ಲ. ಕೆಲವು ದಿನಕ್ಕೆ ಪ್ರಾಣ ಹೋಗುತ್ತದೆ. ಆಮೇಲೆ ನಾವು "ನೋಡಿದ್ರಾ, ಹೇಳಿರ್ಲಿಲ್ವಾ" ಅನ್ನುತ್ತೇವೆ. ಮೊದಲ ದಿನವೇ ಹುಡುಕಿ ಹೊರಗೆ ತಂದಿದ್ದರೆ ಎಷ್ಟೋ ಬೆಕ್ಕುಗಳು ಬದುಕುತ್ತಿದ್ದವು.

ನನ್ನ ತಕರಾರು ಇಷ್ಟೇ. ನಾವು ಬೆಕ್ಕಿನ ಗುಣದ ಬಗ್ಗೆ ಜಾಸ್ತಿ ಮಾತಾಡುತ್ತೇವೆ, ಮೈ ಬಗ್ಗೆ ಮಾತಾಡುವುದೇ ಇಲ್ಲ. ನಾಯಿ ಕುಂಟಿದರೆ "ಅಯ್ಯೋ ಪಾಪ, ಏನಾಯ್ತೋ" ಅಂತ ಕಾಲು ನೋಡುತ್ತೇವೆ. ಬೆಕ್ಕು ಕಿಟಕಿ ಹತ್ತುವುದು ಬಿಟ್ಟರೆ ಸೋಮಾರಿ. ಊಟ ಮೂಸಿ ಹೊರಟರೆ ಸೊಕ್ಕು. ಹಾಸಿಗೆ ಮೇಲೆ ಉಚ್ಚೆ ಮಾಡಿದರೆ ಸೇಡು. ಮುಟ್ಟಲು ಹೋದಾಗ ಪರಚಿದರೆ "ಎಷ್ಟು ಸಾಕಿದ್ರೂ ಬೆಕ್ಕು ಬೆಕ್ಕೇ". ಇವುಗಳಲ್ಲಿ ಒಂದೊಂದೂ ಕಾಯಿಲೆಯ ಲಕ್ಷಣ ಆಗಿರಬಹುದು.

ನಮ್ಮ ಮನೆಯ ಗುಂಡನ ಕಥೆ ಹೇಳುತ್ತೇನೆ. ಹಳದಿ ಪಟ್ಟೆಯ ಗಂಡು ಬೆಕ್ಕು, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ತೂಕ ಸ್ವಲ್ಪ ಜಾಸ್ತಿ. ಮನೆಗೆ ಪೇಂಟಿಂಗ್ ಮಾಡಿಸುತ್ತಿದ್ದ ದಿನಗಳು. ಸಾಮಾನೆಲ್ಲ ಹಾಲ್‌ನಲ್ಲಿ, ಹೊಸ ಜನ, ವಾಸನೆ. ಒಂದು ಬೆಳಿಗ್ಗೆ ಗುಂಡ ತಾನು ಉಚ್ಚೆ, ಕಕ್ಕ ಮಾಡುವ ಮಣ್ಣಿನ ತಟ್ಟೆ, ಅಂದರೆ ಲಿಟರ್ ಟ್ರೇ ಬಿಟ್ಟು ಬಚ್ಚಲುಮನೆಯ ತಣ್ಣಗಿನ ನೆಲದ ಮೇಲೆ ಕೂತಿದ್ದ. ಅಪ್ಪ ನೋಡಿ, "ಕೊಬ್ಬು ನೋಡು ಇವನಿಗೆ, ಅಷ್ಟು ದೊಡ್ಡ ಟ್ರೇ ಇಟ್ಟರೂ ಬಚ್ಚಲೇ ಬೇಕು" ಅಂದರು. ಅಮ್ಮ, "ಕೊಬ್ಬಲ್ಲ ಕಣ್ರೀ, ಕಕ್ಕ ಗಟ್ಟಿ ಆಗಿರ್ಬೇಕು, ಒಂಚೂರು ತುಪ್ಪ ನೆಕ್ಕಿಸೋಣ" ಅಂದರು.

ನಾನು ಪಕ್ಕದಲ್ಲಿ ಕೂತು ನೋಡಿದೆ. ಹಿಂಗಾಲು ಮಡಿಸಿ, ಬಾಲ ಒಂದು ಬದಿಗೆ ಚಾಚಿ, ಬೆನ್ನು ಬಿಗಿ ಹಿಡಿದು ತಿಣುಕುತ್ತಿದ್ದ. ನಿಮಿಷಗಟ್ಟಲೆ ಹಾಗೇ. ಎದ್ದು ಎರಡು ಹೆಜ್ಜೆ ನಡೆದು ಮತ್ತೆ ಕೂರುವುದು. ಅವನು ಎದ್ದ ಜಾಗದಲ್ಲಿ ಬಿಳಿ ಟೈಲ್ಸ್ ಮೇಲೆ ಒಂದೇ ಒಂದು ಹನಿ, ತಿಳಿ ಗುಲಾಬಿ ಬಣ್ಣದ್ದು. ಆಮೇಲೆ ಕಾಲು ಎತ್ತಿ ಹಿಂಭಾಗ ನೆಕ್ಕಿಕೊಳ್ಳಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಟ್ರೇ ಕೆದಕಿ ನೋಡಿದೆ. ಉಚ್ಚೆ ಮಾಡಿದರೆ ಮಣ್ಣು ಗಡ್ಡೆ ಕಟ್ಟುತ್ತದೆ, ರಾತ್ರಿಯಿಂದ ಅಂಥ ಒಂದೂ ಒದ್ದೆ ಗಡ್ಡೆ ಇರಲಿಲ್ಲ.

ಡಾಕ್ಟರ್ ಹೊಟ್ಟೆ ಮುಟ್ಟಿದ ಕೂಡಲೇ ಹೇಳಿದರು, ಮೂತ್ರ ಕಟ್ಟಿದೆ ಅಂತ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತುಂಬಾ ಸಪೂರ. ಹರಳಿನ ಪುಡಿ, ಲೋಳೆ ಸೇರಿ ಒಂದು ಬಿರಡೆ ಹಾಗೆ ಕೂತರೆ ಮುಗೀತು. ನಾಳ ಬಿಗಿದುಕೊಂಡರೂ ಸಾಕು. ಉಚ್ಚೆ ಹೊರಗೆ ಹೋಗದೆ ಹಿಂದಕ್ಕೆ ಒತ್ತಿ ಕಿಡ್ನಿ ಕೆಡುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಅದು ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಪೂರ್ತಿ ಕಟ್ಟಿದ ಬೆಕ್ಕು ಎರಡು ಮೂರು ದಿನದಲ್ಲಿ ಸಾಯುತ್ತದೆ, ಕೆಲವೊಮ್ಮೆ ಅದಕ್ಕೂ ಮೊದಲೇ. ಹೆಣ್ಣು ಬೆಕ್ಕಿನಲ್ಲಿ ಕಟ್ಟುವುದು ಅಪರೂಪ, ಉರಿಮೂತ್ರ ಬರುತ್ತದೆ. ಗುಂಡನಿಗೆ ಅರಿವಳಿಕೆ ಕೊಟ್ಟು ಮೂತ್ರ ತೆಗೆಯುವ ಸಣ್ಣ ನಳಿಕೆ, ಅಂದರೆ ಕ್ಯಾಥೆಟರ್ ಹಾಕಿದರು, ಡ್ರಿಪ್ ಕೊಟ್ಟರು, ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಉಳಿದ. ಈಗ ಒಣ ಕಾಳು ಕಮ್ಮಿ, ನೀರು ಬೆರೆಸಿದ ಊಟ ಜಾಸ್ತಿ, ಮನೆಯಲ್ಲಿ ಗಲಾಟೆ ಇದ್ದರೆ ಅವನಿಗೊಂದು ಪ್ರತ್ಯೇಕ ಕೋಣೆ. ಈ ತೊಂದರೆಯಲ್ಲಿ ಎಷ್ಟೋ ಸಲ ಸೋಂಕೇ ಇರುವುದಿಲ್ಲ, ಮನೆಯ ಗಡಿಬಿಡಿಯಿಂದ ಆದ ಒತ್ತಡಕ್ಕೂ ಮೂತ್ರಕೋಶ ಊದಿಕೊಳ್ಳುತ್ತದೆ ಅಂತ ನನಗೆ ಗೊತ್ತಾಗಿದ್ದು ಆಗಲೇ. ಅಪ್ಪ ಈಗ ದಿನಾ ಬೆಳಿಗ್ಗೆ ಪೇಪರ್ ಓದುವ ಮೊದಲು ಟ್ರೇಯ ಗಡ್ಡೆ ಎಣಿಸುತ್ತಾರೆ, ಅದು ಬೇರೆ ವಿಷಯ.

ಹಾಗಾಗಿ ಗಂಡು ಬೆಕ್ಕು ಸಾಕಿದವರಿಗೆ ಕೈ ಮುಗಿದು ಹೇಳುವುದು, ತಿಣುಕುತ್ತಿದೆ, ಉಚ್ಚೆ ಬರುತ್ತಿಲ್ಲ ಅಂತ ಕಂಡರೆ ತುಪ್ಪ, ಬಾಳೆಹಣ್ಣು, ನಾಳೆ ನೋಡೋಣ, ಯಾವುದೂ ಬೇಡ. ಆವತ್ತೇ ಹೊರಡಿ. ರಾತ್ರಿಯಾದರೆ ರಾತ್ರಿಯೇ.

ಇನ್ನು ಊಟ. "ಹಸಿವಾದ್ರೆ ತಾನೇ ತಿನ್ನುತ್ತೆ ಬಿಡಿ." ಮನುಷ್ಯರ ಮಕ್ಕಳಿಗೆ ಈ ಮಾತು ಸರಿಯೋ ಏನೋ, ಬೆಕ್ಕಿಗೆ ಸರಿಯಲ್ಲ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಲಿವರ್‌ಗೆ ಬಂದು ತುಂಬಿಕೊಳ್ಳುತ್ತದೆ. ದಪ್ಪಗಿರುವ ಬೆಕ್ಕಿಗೆ ಈ ಅಪಾಯ ಜಾಸ್ತಿ. ಮೊದಲಿನ ಕಾಯಿಲೆ ಸಣ್ಣದೇ ಆಗಿರಬಹುದು, ಉಪವಾಸವೇ ದೊಡ್ಡ ಕಾಯಿಲೆ ತರುತ್ತದೆ. ಕಿವಿಯ ಒಳಭಾಗ, ವಸಡು ಹಳದಿಯಾದರೆ ಕಾಮಾಲೆ. ದೊಡ್ಡ ಬೆಕ್ಕು ಒಂದು ದಿನ ಪೂರ್ತಿ ಊಟ ಬಿಟ್ಟರೆ ಡಾಕ್ಟರ್‌ಗೆ ಫೋನ್ ಮಾಡುವುದು ಒಳ್ಳೆಯದು. ಮರಿಗಳಿಗೆ ಅಷ್ಟೂ ಹೊತ್ತು ಕಾಯಬಾರದು. ಲಸಿಕೆ ಆಗದ ಮರಿ ವಾಂತಿ ಮಾಡಿ, ಮೈ ಮುದುಡಿಕೊಂಡು, ನೀರಿನ ಬಟ್ಟಲ ಮೇಲೆ ತಲೆ ಇಟ್ಟು ಕುಡಿಯದೆ ಕೂತಿದ್ದರೆ ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ಮಾರಕ ವೈರಸ್ ಕಾಯಿಲೆ ಇರಬಹುದು. ಗಂಟೆ ಗಂಟೆಯೂ ಮುಖ್ಯ.

ಊಟದ ಹತ್ತಿರ ಹೋಗುತ್ತದೆ, ಆಸೆಯಿಂದ ಬಾಯಿ ಹಾಕುತ್ತದೆ, ತಟ್ಟನೆ ಹಿಂದೆ ಸರಿಯುತ್ತದೆ, ಒಂದೇ ಬದಿಯಲ್ಲಿ ಅಗಿಯುತ್ತದೆ ಅಂದರೆ ಸೊಕ್ಕಲ್ಲ, ಹಲ್ಲುನೋವು.

ಈಗ ಮಾತ್ರೆಯ ವಿಷಯ. ಇದನ್ನು ಓದಿ ಮರೆತರೂ ಪರವಾಗಿಲ್ಲ ಅನ್ನುವ ಹಾಗಿಲ್ಲ. ಮೈ ಬಿಸಿ ಇದೆ ಅಂತ ಬೆಕ್ಕಿಗೆ ಪ್ಯಾರಸಿಟಮಾಲ್ ಕೊಡಬೇಡಿ. ಕಾಲು ಮಾತ್ರೆಯೂ ಬೇಡ, ಮಕ್ಕಳ ಸಿರಪ್ಪೂ ಬೇಡ. ನಮ್ಮ ಲಿವರ್ ಆ ಔಷಧಿಯನ್ನು ಕರಗಿಸಿ ಹೊರಗೆ ಹಾಕುವ ದಾರಿ ಬೆಕ್ಕಿನ ಲಿವರ್‌ನಲ್ಲಿ ಸರಿಯಾಗಿ ಇಲ್ಲ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಪಾದ ಊದುತ್ತವೆ. 500 ಮಿಲಿಗ್ರಾಂನ ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು. ಯಾರಾದರೂ ಕೊಟ್ಟುಬಿಟ್ಟಿದ್ದರೆ ಮುಚ್ಚಿಡದೆ ಡಾಕ್ಟರ್‌ಗೆ ಹೇಳಿ, ಬೇಗ ಹೋದರೆ ಅದಕ್ಕೆ ಪ್ರತಿಮದ್ದು ಇದೆ. ಅಂದಹಾಗೆ ಬೆಕ್ಕಿನ ಮೈ ನಮ್ಮದಕ್ಕಿಂತ ಬಿಸಿಯೇ. ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಮಾಮೂಲು. ನಾಯಿಗೆ ಹಾಕುವ ಉಣ್ಣೆ ಔಷಧಿಯನ್ನೂ ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕಿಗೆ ಫಿಟ್ಸ್ ಬರುತ್ತದೆ.

ನೋವು ಇದೆಯೋ ಇಲ್ಲವೋ ಅಂತ ಮುಖ ನೋಡಿ ಹೇಳಬಹುದಾ? ಹೇಳಬಹುದು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಇದಕ್ಕೊಂದು ಅಳತೆ ಮಾಡಿದ್ದಾರೆ. ಕಿವಿ, ಕಣ್ಣು, ಮೂತಿ, ಮೀಸೆ, ತಲೆ, ಹೀಗೆ ಐದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ. ಹತ್ತಕ್ಕೆ ನಾಲ್ಕು ಬಂದರೆ ನೋವಿನ ಔಷಧಿ ಬೇಕು ಅಂತ ಲೆಕ್ಕ. ನೋವಿರುವ ಬೆಕ್ಕಿನ ಕಿವಿಗಳು ಒಂದರಿಂದೊಂದು ದೂರ ಸರಿದು ಹೊರಕ್ಕೆ ತಿರುಗಿರುತ್ತವೆ. ಕಣ್ಣು ಕಿರಿದಾಗಿರುತ್ತದೆ. ದುಂಡಗಿನ ಮೂತಿ ಬಿಗಿದಿರುತ್ತದೆ. ಜೋತಾಡುವ ಮೀಸೆ ನೆಟ್ಟಗೆ ಮುಂದಕ್ಕೆ ಬಂದಿರುತ್ತದೆ. ತಲೆ ಭುಜಕ್ಕಿಂತ ಕೆಳಗೆ. ನಿದ್ದೆ ಮಾಡುವ ಬೆಕ್ಕೂ ಕಣ್ಣು ಮುಚ್ಚುತ್ತದೆ ಅಲ್ವಾ ಅನ್ನಬಹುದು. ಅದಕ್ಕೇ ಎಚ್ಚರ ಇರುವಾಗ, ದೂರದಿಂದ, ಅದಕ್ಕೆ ಗೊತ್ತಾಗದ ಹಾಗೆ ನೋಡಬೇಕು. ಗುರ್ ಗುರ್ ಅನ್ನುತ್ತಿದೆ, ಅಂದರೆ ಖುಷಿಯಾಗಿದೆ ಅಂತ ನಂಬಬೇಡಿ. ನೋವಿದ್ದಾಗಲೂ ಅನ್ನುತ್ತದೆ.

ಮುದಿ ಬೆಕ್ಕುಗಳಿಗೆ "ವಯಸ್ಸಾಯ್ತು" ಅನ್ನುವ ಒಂದೇ ಪದ ಸಾಕಾಗಿಬಿಟ್ಟಿದೆ ನಮಗೆ. 2002ರಲ್ಲಿ ಅಮೆರಿಕದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದಾಗ 90ರಲ್ಲಿ ಕೀಲು ಸವೆದಿತ್ತು. ಅಂದರೆ ನಿಮ್ಮ ಬೆಕ್ಕು ಕುರ್ಚಿಗೆ ಒಂದೇ ನೆಗೆತಕ್ಕೆ ಹಾರುತ್ತಿದ್ದದ್ದು ಈಗ ಮುಂಗಾಲು ಇಟ್ಟು ಯೋಚನೆ ಮಾಡುತ್ತಿದ್ದರೆ ಅದಕ್ಕೆ ಮಂಡಿನೋವು ಇರಬಹುದು, ಅದಕ್ಕೆ ಚಿಕಿತ್ಸೆಯೂ ಇದೆ. ನೀರು ಜಾಸ್ತಿ ಕುಡಿದು ಉಚ್ಚೆಯೂ ಜಾಸ್ತಿಯಾದರೆ ಕಿಡ್ನಿ, ಶುಗರ್ ಎರಡನ್ನೂ ನೋಡಿಸಬೇಕು. ಇನ್ನೊಂದು ತಮಾಷೆ ಕಾಯಿಲೆ ಇದೆ, ಥೈರಾಯ್ಡ್ ಏರುವುದು. ಮುದಿ ಬೆಕ್ಕು ಇದ್ದಕ್ಕಿದ್ದಂತೆ ಮರಿಯ ಹಾಗೆ ಓಡಾಡುತ್ತದೆ, ಎಷ್ಟು ಹಾಕಿದರೂ ತಿನ್ನುತ್ತದೆ, ರಾತ್ರಿ ಕೂಗುತ್ತದೆ, ಆದರೆ ದಿನದಿಂದ ದಿನಕ್ಕೆ ತೆಳ್ಳಗಾಗುತ್ತದೆ. ಮನೆಯವರಿಗೆಲ್ಲ ಖುಷಿ, ಅಜ್ಜಿ ಬೆಕ್ಕು ಚುರುಕಾಯ್ತು ಅಂತ.

ಕೆಲವಕ್ಕೆ ಯೋಚನೆಗೇ ಟೈಮ್ ಇಲ್ಲ. ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕು, ಹಿಂಗಾಲು ಎರಡೂ ಒಮ್ಮೆಗೇ ಬಿದ್ದುಹೋಗಿ ಪಾದ ತಣ್ಣಗಾಗಿ ಕಿರುಚುವ ಬೆಕ್ಕು, ಫಿಟ್ಸ್ ಬಂದದ್ದು, ವಸಡು ಕಾಗದದ ಬಿಳಿಗೆ ತಿರುಗಿದ್ದು. ವಸಡು ಬಿಳಿಚಿದ್ದರೆ ಅಕ್ಕಪಕ್ಕ ಯಾರಾದರೂ ಇಲಿ ಪಾಷಾಣ ಇಟ್ಟಿದ್ದಾರಾ ಅಂತಲೂ ವಿಚಾರಿಸಿ. ಕೆಲವು ಪಾಷಾಣ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತವೆ, ಲಕ್ಷಣ ಕಾಣಿಸುವುದು ಕೆಲವು ದಿನ ಕಳೆದ ಮೇಲೆ. ಮಲಗಿ ನಿದ್ದೆಯಲ್ಲಿರುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 30ರ ಒಳಗಿರಬೇಕು. ದಿನಾ 30 ದಾಟುತ್ತಿದ್ದರೆ ಹೃದಯವನ್ನೋ ಶ್ವಾಸಕೋಶವನ್ನೋ ಪರೀಕ್ಷೆ ಮಾಡಿಸಿ.

ಕರೆದೊಯ್ಯುವುದು ಹೇಗೆ ಅನ್ನುವುದೇ ಹಳ್ಳಿಯಲ್ಲಿ ದೊಡ್ಡ ತಲೆನೋವು. ಕ್ಯಾರಿಯರ್ ಇಲ್ಲದಿದ್ದರೆ ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ತರಕಾರಿ ಬುಟ್ಟಿ ತಗೊಳ್ಳಿ. ಒಂದರಲ್ಲಿ ಹಳೆ ಬಟ್ಟೆ ಹಾಸಿ ಬೆಕ್ಕನ್ನು ಕೂರಿಸಿ, ಇನ್ನೊಂದನ್ನು ಮೇಲೆ ಬೋರಲು ಹಾಕಿ, ನಾಲ್ಕೂ ಕಡೆ ಹುರಿಯಲ್ಲಿ ಕಟ್ಟಿ, ಮೇಲೊಂದು ಟವೆಲ್ ಹೊದಿಸಿ. ಗಾಳಿ ಆಡುತ್ತದೆ, ಕತ್ತಲೂ ಇರುತ್ತದೆ. ಗೋಣಿಚೀಲ ಬೇಡ, ಅದರಲ್ಲಿ ಉಸಿರು ಕಟ್ಟುತ್ತದೆ. ಮಂಚದ ಅಡಿಯಿಂದ ಕಾಲು ಹಿಡಿದು ಎಳೆಯಬೇಡಿ, ಟವೆಲ್ ಹಾಕಿ ಮೈಯನ್ನೇ ಎತ್ತಿ. ನಿತ್ರಾಣವಾಗಿ ಮಲಗಿದ ಬೆಕ್ಕಿನ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಹೊರಡುವ ಮೊದಲು ಮೊಬೈಲಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ಮನೆಯಲ್ಲಿ ಕುಂಟುತ್ತಿದ್ದ ಬೆಕ್ಕು ಡಾಕ್ಟರ್ ಮೇಜಿನ ಮೇಲೆ ಕಲ್ಲಾಗಿ ಕೂತುಬಿಡುತ್ತದೆ, ಆಗ ನಿಮ್ಮ ಮಾತಿಗಿಂತ ವಿಡಿಯೋ ಉಪಯೋಗ. ಕೊನೆಯ ಸಲ ತಿಂದದ್ದು, ಉಚ್ಚೆ ಮಾಡಿದ್ದು, ಕಕ್ಕ ಮಾಡಿದ್ದು ಯಾವಾಗ, ಇಷ್ಟು ನೆನಪಿರಲಿ.

ಒಂದು ಎಚ್ಚರಿಕೆ. ವಿಚಿತ್ರವಾಗಿ ಆಡುವ ಎಲ್ಲ ಬೆಕ್ಕನ್ನೂ ಎತ್ತಿಕೊಳ್ಳಬೇಕು ಅಂತ ನಾನು ಹೇಳುತ್ತಿಲ್ಲ. ಬೀದಿಯ ಬೆಕ್ಕು, ಹತ್ತಿರವೇ ಬರದಿದ್ದದ್ದು, ತಟ್ಟಾಡುತ್ತಾ, ಜೊಲ್ಲು ಸುರಿಸುತ್ತಾ, ದನಿ ಬದಲಾಗಿ, ಕೆಣಕದೆ ಮೈಮೇಲೆ ಬಿದ್ದರೆ ರೇಬಿಸ್ ಇರಬಹುದು. ನೋವಿಗೆ ಕಚ್ಚುವ ಬೆಕ್ಕೂ ಇರುತ್ತದೆ, ಆದರೆ ಅದನ್ನು ತೀರ್ಮಾನ ಮಾಡುವುದು ನಮ್ಮ ಕೆಲಸವಲ್ಲ. ಕಚ್ಚಿದರೆ, ಪರಚಿ ರಕ್ತ ಬಂದರೆ, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆವತ್ತೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ, ಕಾಫಿಪುಡಿ ಹಚ್ಚಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಪುಕ್ಕಟೆ. ಮನೆಯ ಬೆಕ್ಕಿಗೂ ರೇಬಿಸ್ ಲಸಿಕೆ ಹಾಕಿಸಿ, ನಾಯಿಗೆ ಮಾತ್ರ ಅಂತ ಇನ್ನೂ ಎಷ್ಟೋ ಜನ ತಿಳಿದಿದ್ದಾರೆ.

"ಬೆಕ್ಕಿಗೆ ಅಷ್ಟೊಂದು ಖರ್ಚಾ?" ಅನ್ನುವವರು ಇದ್ದೇ ಇರುತ್ತಾರೆ. ಗುಂಡನನ್ನು ಕರೆದೊಯ್ದ ದಿನ ಆಟೋದವರೂ ಕೇಳಿದರು. ಖರ್ಚು ನಿಜ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಪಶು ಆಸ್ಪತ್ರೆಗಳು ದನ, ಎಮ್ಮೆ, ಕುರಿಗಾಗಿ ಕಟ್ಟಿದವು. ಅಲ್ಲಿ ಬೆಕ್ಕು ತಗೊಂಡು ಹೋದರೆ ಒಂದೊಂದು ಕಡೆ ನಗುತ್ತಾರೆ, ಒಂದೊಂದು ಕಡೆ ತುಂಬಾ ಚೆನ್ನಾಗಿ ನೋಡುತ್ತಾರೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು. ಆದರೆ ರಾತ್ರಿ ಹನ್ನೊಂದಕ್ಕೆ ತಾಲ್ಲೂಕು ಊರಿನಲ್ಲಿ ಮೂತ್ರ ಕಟ್ಟಿದ ಬೆಕ್ಕು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮೂರಲ್ಲಿ ಬೆಕ್ಕುಗಳನ್ನು ಚೆನ್ನಾಗಿ ನೋಡುವ ಕ್ಲಿನಿಕ್ ಇದ್ದರೆ ಊರಿನ ಹೆಸರು ಸಮೇತ ಕೆಳಗೆ ಕಾಮೆಂಟಲ್ಲಿ ಹಾಕಿ. ರಾತ್ರಿ ಹೊತ್ತು ಸಿಗುತ್ತಾರಾ, ಕ್ಯಾಥೆಟರ್ ಹಾಕುವ ವ್ಯವಸ್ಥೆ ಇದೆಯಾ, ಅದನ್ನೂ ಬರೆಯಿರಿ. ಎಲ್ಲವನ್ನೂ ಜಿಲ್ಲಾವಾರು ಸೇರಿಸಿ ಇನ್ನೊಂದು ಪೋಸ್ಟ್ ಮಾಡುತ್ತೇನೆ.