ಎಂಟಕ್ಕೆ ಐದು ಕೂಡಿಸಿದರೆ ಹನ್ನೆರಡು ಹೇಗಾಯ್ತು?

ಪುಣೆಯಲ್ಲಿ ಮನೆ ಮಾಡಿ 12 ವರ್ಷ ಆಯ್ತು. ದಾವಣಗೆರೆಗೆ ಬಂದರೆ ನಿಟ್ಟುವಳ್ಳಿಯ ಅಕ್ಕನ ಮನೆಯಲ್ಲೇ ಇರೋದು. ಈ ಸಲ ನಾನು ಬಂದಾಗ ಅಕ್ಕನ ಮಗಳು ಒಂದನೇ ಕ್ಲಾಸಿನ ನೋಟ್‌ಬುಕ್ ಮುಂದೆ ಇಟ್ಟುಕೊಂಡು ಅಳುತ್ತಿದ್ದಳು. 8+5 ಎದುರು 12 ಅಂತ ಬರೆದಿದ್ದಾಳೆ. ಅದರ ಮೇಲೆ ಕೆಂಪು ಗೀಟು. ಸರಿ ಉತ್ತರ ಹತ್ತು ಸಲ ಬರೆದು ತರಬೇಕಂತೆ.

"ನೀನು ಹೇಗೆ ಮಾಡಿದೆ, ತೋರಿಸು ಪುಟ್ಟಿ" ಅಂದೆ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಂದೊಂದೇ ಬೆರಳು ಮಡಚಿದಳು. "ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು." ಐದು ಬೆರಳು ಮುಗಿದವು. ಎಂಟಕ್ಕೂ ಒಂದು ಬೆರಳು ಮಡಚಿಬಿಟ್ಟಿದ್ದಳು, ತಪ್ಪು ಅಷ್ಟೇ. ಹತ್ತು ಸಲ 13 ಅಂತ ಬರೆದರೆ ಇದು ಹೇಗೆ ಸರಿಹೋಗುತ್ತೆ?

"ಕೈ ಯಾಕೆ ಹಿಂದೆ ಇಟ್ಕೊಂಡೆ?"

"ಬೆರಳು ಎಣಿಸಿದ್ರೆ ಮಿಸ್ ಬೈತಾರೆ ಮಾಮ."

ಈ ಮಾತು ಕೇಳಿ ನಿಜಕ್ಕೂ ಸಂಕಟ ಆಯ್ತು. ನಮ್ಮಜ್ಜಿ ಬೆರಳಿನ ಗೆರೆ ಎಣಿಸಿಯೇ ಹಾಲಿನ ಲೆಕ್ಕ ಇಡುತ್ತಿದ್ದರು. ಒಂದು ಪೈಸೆ ತಪ್ಪುತ್ತಿರಲಿಲ್ಲ.

ಮೊದಲು ಮಂಡಕ್ಕಿ ಹರಡಿದೆವು, ಫ್ಯಾನ್ ಗಾಳಿಗೆ ಹಾರಿಹೋಯ್ತು. ಆಮೇಲೆ ಅಕ್ಕ ಒಂದು ಹಿಡಿ ಹುಣಸೆ ಬೀಜ ಕೊಟ್ಟಳು. ಎಂಟು ಬೀಜ ಎಣಿಸಿ ಬಟ್ಟಲಿನ ಕೆಳಗೆ ಮುಚ್ಚಿಟ್ಟೆ, ಐದನ್ನು ಹೊರಗೆ ಬಿಟ್ಟೆ. ಬಟ್ಟಲು ಮುಟ್ಟಿ "ಎಂಟು" ಅಂದಳು. ಹೊರಗಿನ ಮೊದಲ ಬೀಜ ಮುಟ್ಟಿದಳು, ಸ್ವಲ್ಪ ಹೊತ್ತು ಸುಮ್ನೆ ಇದ್ದಳು. "ಇದು ಒಂಬತ್ತು!" ಅಂದಳು. ಹದಿಮೂರಕ್ಕೆ ತಾನೇ ಬಂದು ಮುಟ್ಟಿದಳು. ಆಮೇಲೆ ಬಟ್ಟಲು ಎತ್ತಿ, ಐದರಲ್ಲಿ ಎರಡು ತೆಗೆದು ಎಂಟರ ಜೊತೆ ಸೇರಿಸಿದೆ. ಈ ಕಡೆ ಹತ್ತು, ಆ ಕಡೆ ಮೂರು. "ಹತ್ತು, ಮೂರು, ಹದಿಮೂರು" ಅಂತ ಅವಳೇ ಎರಡು ಸಲ ಹೇಳಿಕೊಂಡಳು.

ಪುಣೆಯಲ್ಲಿ ನನ್ನ ಮಗ ಓದೋದು ಮರಾಠಿ ಶಾಲೆಯಲ್ಲಿ. ಅವನ ಕ್ಲಾಸಿನಲ್ಲಿ ನೂರು ಮಣಿಯ ಸರ ಇದೆ, ಹತ್ತು ಕೆಂಪು, ಹತ್ತು ಬಿಳಿ, ಮತ್ತೆ ಹತ್ತು ಕೆಂಪು. ಎರಡನೇ ಕ್ಲಾಸಾದರೂ ಮಕ್ಕಳು ಎದ್ದು ಹೋಗಿ ಮಣಿ ಸರಿಸಿ ಎಣಿಸಬಹುದು. ಯಾರೂ ಬೈಯೋದಿಲ್ಲ. ಆದರೆ ಅವನಿಗೆ ಅಂಕಿಯ ಹೆಸರುಗಳೇ ತೊಡಕಾದವು. ಮರಾಠಿಯಲ್ಲಿ 21 ಅಂದರೆ 'ಏಕವೀಸ್', ಒಂದು ಮೊದಲು ಬರುತ್ತೆ. 29 ಅಂದರೆ 'ಏಕೋಣತೀಸ್', ಮೂವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಎರಡನೇ ತರಗತಿಯ ಗಣಿತ ಪುಸ್ತಕ 21ನ್ನು 'ವೀಸ್ ಏಕ್', ಅಂದರೆ ಇಪ್ಪತ್ತು ಒಂದು ಅಂತ ಓದಿಸಲು ಹೊರಟಾಗ ಮಹಾರಾಷ್ಟ್ರದಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ಕನ್ನಡಕ್ಕೆ ಆ ಕಷ್ಟ ಇಲ್ಲ ಅಲ್ವಾ? ಇಪ್ಪತ್ತೊಂದು. ಹೇಳಿದ ಹಾಗೇ ಬರೆಯೋದು. ಹತ್ತು ಕಡ್ಡಿಯ ಎರಡು ಕಟ್ಟು, ಪಕ್ಕದಲ್ಲಿ ಒಂದು ಬಿಡಿ ಕಡ್ಡಿ ಇಟ್ಟರೆ ಮಾತು, ಕಣ್ಣು, ಕೈ ಮೂರೂ ಒಂದೇ ಲೆಕ್ಕ ಹೇಳುತ್ತವೆ. ಆದರೆ ನಮ್ಮ ಮಕ್ಕಳು ಶಾಲೆಯಲ್ಲಿ 'ಥರ್ಟೀನ್', 'ಫೋರ್ಟೀನ್' ಅಂತ ಎಣಿಸುತ್ತವೆ. ಅಲ್ಲೂ ಮೂರು, ನಾಲ್ಕೇ ಮೊದಲು. ಇಂಗ್ಲಿಷ್ ಮೀಡಿಯಂ ಬೇಡ ಅಂತ ನಾನು ಹೇಳುತ್ತಿಲ್ಲ. ಬೀಜ ಎಣಿಸುವಾಗಲಾದರೂ ಕನ್ನಡದಲ್ಲಿ ಎಣಿಸಲಿ.

ಹೀಗೆ ಕೈಯಲ್ಲಿ ಮಾಡಿ ಕಲಿಯೋದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅಲ್ಲಿ ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ಮಾಡಿ ಕಲಿಯುತ್ತಾರೆ. ಸಾವಿರಾರು ರೂಪಾಯಿ ಫೀಸು ಕಟ್ಟುವ ಅಕ್ಕನಿಗೆ ಮಗಳ ಕ್ಲಾಸಿನಲ್ಲಿ ಒಂದು ಹಿಡಿ ಬೀಜ ಕೇಳಲು ಸಂಕೋಚ. ಯಾಕೆ ಸಂಕೋಚ? ಮೆಕ್ಕೆಜೋಳದ ಊರು ನಮ್ಮದು. ಒಂದು ತೆನೆ ಸಾಕು. ತೆನೆಯ ಸುತ್ತ ಇರುವ ಸಾಲುಗಳು ಹೆಚ್ಚುಕಡಿಮೆ ಯಾವಾಗಲೂ ಸರಿಸಂಖ್ಯೆಯಲ್ಲೇ ಇರುತ್ತವೆ. ಎರಡೆರಡಾಗಿ ಎಣಿಸಲು ಇದಕ್ಕಿಂತ ಒಳ್ಳೆಯ ಸಾಮಾನು ಯಾವುದಿದೆ?

ನಿನ್ನೆ ರಾತ್ರಿ ಪುಟ್ಟಿಯ ಬ್ಯಾಗಿನಲ್ಲಿ ಇಪ್ಪತ್ತು ಹುಣಸೆ ಬೀಜದ ಚಿಕ್ಕ ಚೀಲ ಇಟ್ಟಿದ್ದೇನೆ. "ಮಿಸ್ ಕೇಳಿದ್ರೆ?" ಅಂತ ಅಕ್ಕನಿಗೆ ಚಿಂತೆ. ನಾನೇ ಹೋಗಿ ಮಾತಾಡ್ತೀನಿ ಅಂದಿದ್ದೇನೆ. ಪುಣೆ ಬಸ್ಸಿಗೆ ಇನ್ನೂ ಎರಡು ದಿನ ಇದೆ.